ರೀಸ್ಲಿಂಗೋ, ಸಿಲ್ವಾನರೋ, ಗ್ರೌಬುರ್ಗುಂಡರೋ? ಜರ್ಮನಿಯ ಬಿಳಿ ವೈನ್ ಆರಿಸುವವರಿಗೆ

ಜರ್ಮನಿಗೆ ಹೊಸದಾಗಿ ಬಂದ ಕನ್ನಡಿಗರು ವೈನ್ ವಿಚಾರದಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಬಗೆಯದು. ಸೂಪರ್‌ಮಾರ್ಕೆಟ್‌ನಲ್ಲಿ ನಾಲ್ಕು ಯೂರೋಗೂ ರೀಸ್ಲಿಂಗ್ ಸಿಗುತ್ತದೆ, ಹದಿನಾಲ್ಕಕ್ಕೂ ಸಿಗುತ್ತದೆ. ಪಕ್ಕದಲ್ಲಿ ಚಪ್ಪಟೆ ಬಾಟಲಿಯ ಸಿಲ್ವಾನರ್, ಅದರಾಚೆ ಗ್ರೌಬುರ್ಗುಂಡರ್. ಮೂರೂ ದ್ರಾಕ್ಷಿ ತಳಿಗಳ ಹೆಸರು. ಮನೆಗೆ ಯಾವುದು, ಆಫೀಸಿನವರ ಮನೆಗೆ ಊಟಕ್ಕೆ ಹೋಗುವಾಗ ಯಾವುದು, ಊರಿಗೆ ಹೊರಟಾಗ ಸೂಟ್‌ಕೇಸಿಗೆ ಯಾವುದು? ಕೆಲವರು "ಜರ್ಮನ್ ವೈನ್ ಅಂದರೆ ಬರೀ ಸಿಹಿ ಮಾರಾಯ್ರೇ" ಅನ್ನುತ್ತಾರೆ. ಇನ್ನು ಕೆಲವರು "ಅಬ್ಬಾ ಎಂಥ ಹುಳಿ, ಹಲ್ಲು ಜುಮ್ ಅಂದುಬಿಡ್ತು" ಅನ್ನುತ್ತಾರೆ. ಇಬ್ಬರೂ ಕುಡಿದದ್ದು ರೀಸ್ಲಿಂಗನ್ನೇ ಆಗಿರಬಹುದು.

ಗೊಂದಲದ ಬೇರು ಅಲ್ಲೇ ಇದೆ. ಈ ದೇಶದಲ್ಲಿ ವೈನ್ ಬೆಳೆಯುವ ಪ್ರದೇಶಗಳು 13, ದ್ರಾಕ್ಷಿತೋಟದ ಒಟ್ಟು ವಿಸ್ತೀರ್ಣ ಸುಮಾರು ಒಂದು ಲಕ್ಷ ಹೆಕ್ಟೇರ್, ಅದರಲ್ಲಿ ನಾಲ್ಕನೇ ಒಂದು ಭಾಗಕ್ಕೆ ಸ್ವಲ್ಪ ಕಡಿಮೆ ರೀಸ್ಲಿಂಗ್. ಒಂದೇ ದ್ರಾಕ್ಷಿಯಿಂದ ಸಕ್ಕರೆಯ ಸುಳಿವೇ ಇಲ್ಲದ ವೈನೂ ಬರುತ್ತದೆ, ಜೇನಿನಷ್ಟು ಗಟ್ಟಿಯಾದದ್ದೂ ಬರುತ್ತದೆ. ಹಾಗಾಗಿ ದ್ರಾಕ್ಷಿ, ಊರು, ಬೆಲೆ ಇವೆಲ್ಲ ಆಮೇಲಿನ ಮಾತು. ನಿಮಗೆ ಎಷ್ಟು ಸಿಹಿ ಬೇಕು, ಎಷ್ಟು ಹುಳಿ ತಡೆಯುತ್ತದೆ, ತಟ್ಟೆಯಲ್ಲಿ ಏನಿದೆ ಎಂಬುದು ಮೊದಲು ತೀರ್ಮಾನವಾಗಬೇಕು.

ಸಿಹಿಯನ್ನು ಲೇಬಲ್‌ನಲ್ಲಿ ಪತ್ತೆಹಚ್ಚುವುದು

‘ಟ್ರೋಕನ್’ ಎಂದಿದ್ದರೆ ಸಿಹಿಯಿಲ್ಲದ, ಡ್ರೈ ವೈನ್. ಲೀಟರಿಗೆ 4 ಗ್ರಾಂ ಸಕ್ಕರೆಯವರೆಗೆ, ಹುಳಿ ಅದಕ್ಕೆ ತಕ್ಕಷ್ಟಿದ್ದರೆ 9 ಗ್ರಾಂವರೆಗೆ ಈ ಪದ ಹಾಕಲು ಕಾನೂನು ಬಿಡುತ್ತದೆ. ‘ಹಾಲ್ಬ್‌ಟ್ರೋಕನ್’ ಎಂದರೆ 12 ಗ್ರಾಂ, ಹುಳಿ ಜಾಸ್ತಿಯಿದ್ದರೆ 18ರವರೆಗೆ. ‘ಲೀಬ್ಲಿಶ್’ 45ರವರೆಗೆ. ಅದರ ಮೇಲೆ ‘ಝ್ಯೂಸ್’, ಅಂದರೆ ಪೂರ್ತಿ ಸಿಹಿ. ಇವುಗಳ ನಡುವೆ ‘ಫೈನ್‌ಹೆರ್ಬ್’ ಅಂತ ಒಂದಿದೆ. ಅದಕ್ಕೆ ಕಾನೂನಿನ ಮಿತಿಯಿಲ್ಲ, ಮಾಡುವವರ ಮರ್ಜಿ. ಸಾಮಾನ್ಯವಾಗಿ ಹಾಲ್ಬ್‌ಟ್ರೋಕನ್ ಸುತ್ತಮುತ್ತ, ಕೆಲವೊಮ್ಮೆ ಅದನ್ನು ದಾಟಿ ಇರುತ್ತದೆ.

ಕಷ್ಟ ಬರುವುದು ಈ ಯಾವ ಪದವೂ ಇಲ್ಲದ ಬಾಟಲಿ ಕೈಗೆ ಬಂದಾಗ. ಮೋಸೆಲ್ ನದಿದಂಡೆಯ ಒಳ್ಳೆಯ ವೈನ್‌ಗಳಲ್ಲಿ ಇದು ಮಾಮೂಲು. ಆಗ ಆಲ್ಕೋಹಾಲ್ ಶೇಕಡಾವಾರು ನೋಡಿ. ಹುದುಗುವಾಗ ದ್ರಾಕ್ಷಿಯ ಸಕ್ಕರೆಯೇ ಆಲ್ಕೋಹಾಲ್ ಆಗುವುದು. ಹುದುಗನ್ನು ಅರ್ಧಕ್ಕೇ ನಿಲ್ಲಿಸಿದರೆ ಸಕ್ಕರೆ ಹಾಗೇ ಉಳಿಯುತ್ತದೆ. 7.5ರಿಂದ 9 ಇದ್ದರೆ ಸಿಹಿ ಖಂಡಿತ ಇದೆ, 10-11 ಇದ್ದರೆ ಸ್ವಲ್ಪ ಇರಬಹುದು, 12ರ ಮೇಲೆ ಇದ್ದರೆ ಬಹುಮಟ್ಟಿಗೆ ಡ್ರೈ. ಲೇಬಲ್‌ನ ಮೇಲಿನ ಕೋಟೆ, ಹದ್ದು, ಚಿನ್ನದ ಪದಕ ಎಲ್ಲವನ್ನೂ ಬಿಟ್ಟು ಈ ಒಂದು ಅಂಕಿಯನ್ನು ನಂಬಿ ಅಂತ ನಾನು ಹೇಳುವುದು.

ಈಗ ಇನ್ನೂ ಸುಲಭದ ದಾರಿಯೊಂದಿದೆ. 2023ರ ಡಿಸೆಂಬರ್ 8ರ ನಂತರ ತಯಾರಾದ ವೈನ್‌ಗಳಿಗೆ ಐರೋಪ್ಯ ಒಕ್ಕೂಟದಲ್ಲಿ ಪೋಷಕಾಂಶದ ಪಟ್ಟಿ ಕಡ್ಡಾಯ. ಹೆಚ್ಚಿನವರು ಅದನ್ನು ಕ್ಯೂಆರ್ ಕೋಡ್‌ನಲ್ಲಿ ಕೊಡುತ್ತಾರೆ. ಅಂಗಡಿಯಲ್ಲೇ ಫೋನ್ ಹಿಡಿದರೆ 100 ಮಿಲೀಗೆ ಎಷ್ಟು ಸಕ್ಕರೆ ಎಂದು ಬರುತ್ತದೆ, ಹತ್ತರಿಂದ ಗುಣಿಸಿದರೆ ಲೀಟರಿನ ಲೆಕ್ಕ. ಸಕ್ಕರೆ ಕಾಯಿಲೆ ಇರುವವರಿಗೆ ಇದು ದೊಡ್ಡ ಅನುಕೂಲ. ಲೀಟರಿಗೆ 40 ಗ್ರಾಂ ಇರುವ ವೈನ್‌ನ 150 ಮಿಲೀ ಗ್ಲಾಸಿನಲ್ಲಿ 6 ಗ್ರಾಂ ಸಕ್ಕರೆ ಇರುತ್ತದೆ.

ಆದರೆ ಗ್ರಾಂ ನೋಡಿದ ಮಾತ್ರಕ್ಕೆ ನಾಲಿಗೆಗೆ ಎಷ್ಟು ಸಿಹಿ ಅನ್ನಿಸುತ್ತದೆ ಎಂದು ಹೇಳಲಾಗದು. ನಿಂಬೆಹಣ್ಣಿನ ಪಾನಕಕ್ಕೆ ಎಷ್ಟು ಸಕ್ಕರೆ ಬೀಳುತ್ತದೆಂದು ಮಾಡಿದವರಿಗೇ ಗೊತ್ತು, ಕುಡಿಯುವವರಿಗೆ ಅದು ತಿಳಿಯುವುದಿಲ್ಲ. ಮೋಸೆಲ್‌ನ ರೀಸ್ಲಿಂಗ್‌ನಲ್ಲೂ ಹಾಗೆಯೇ. ಹುಳಿ ಎದ್ದು ನಿಂತಿರುವುದರಿಂದ 40 ಗ್ರಾಂ ಸಕ್ಕರೆಯೂ ಅಂಟಂಟು ಅನ್ನಿಸುವುದಿಲ್ಲ. ಹುಳಿ ಕಡಿಮೆಯಿರುವ ದ್ರಾಕ್ಷಿಯಲ್ಲಿ 15 ಗ್ರಾಂ ಕೂಡ ಬಾಯಿಗೆ ಮೆತ್ತಿಕೊಳ್ಳುತ್ತದೆ.

ಇನ್ನೊಂದು ಗೊಂದಲ ಬಗೆಹರಿಸಿಬಿಡೋಣ. ಕಬಿನೆಟ್, ಶ್ಪೇಟ್‌ಲೇಸೆ, ಔಸ್‌ಲೇಸೆ ಎಂಬುವು ಸಿಹಿಯ ಮಟ್ಟಗಳಲ್ಲ. ಕೊಯ್ಯುವಾಗ ದ್ರಾಕ್ಷಿ ಎಷ್ಟು ಮಾಗಿತ್ತು ಎಂಬುದರ ಗುರುತು. ರಸದ ಸಾಂದ್ರತೆಯನ್ನು ಫೋರ್ಟ್ಸ್‌ಹೈಮ್‌ನ ಫರ್ಡಿನಾಂಡ್ ಎಕ್ಸ್‌ಲೆ ಹೆಸರಿನ ಮಾಪನದಲ್ಲಿ ಅಳೆದು ಈ ದರ್ಜೆ ಕೊಡುತ್ತಾರೆ. ಆ ಸಕ್ಕರೆಯೆಲ್ಲ ಹುದುಗಿ ಹೋದರೆ ‘ಶ್ಪೇಟ್‌ಲೇಸೆ ಟ್ರೋಕನ್’ ಆಗುತ್ತದೆ, ಅದು ಡ್ರೈ ವೈನೇ. ತಡವಾಗಿ ಕೊಯ್ಯುವ ಈ ಶ್ಪೇಟ್‌ಲೇಸೆಗೆ ರೈನ್‌ಗಾವ್ ಎಂಬ ವೈನ್ ಪ್ರದೇಶದವರು ಒಂದು ಕತೆ ಹೇಳುತ್ತಾರೆ. 1775ರಲ್ಲಿ ಯೋಹಾನಿಸ್‌ಬೆರ್ಗ್ ತೋಟದವರು ಕೊಯ್ಲಿಗೆ ಒಡೆಯರ ಅಪ್ಪಣೆ ಕೇಳಲು ಫುಲ್ಡಾಕ್ಕೆ ಕುದುರೆಯಾಳನ್ನು ಕಳಿಸಿದರು. ಅವನು ವಾಪಸು ಬರುವುದು ವಾರಗಟ್ಟಲೆ ತಡವಾಯಿತು, ಅಷ್ಟರಲ್ಲಿ ದ್ರಾಕ್ಷಿ ಗೊಂಚಲಲ್ಲೇ ಬೂಸ್ಟು ಹಿಡಿದಿತ್ತು. ಬೇರೆ ದಾರಿ ಕಾಣದೆ ಅದನ್ನೇ ಹಿಂಡಿದಾಗ ಬಂದದ್ದು ಅದುವರೆಗೆ ಯಾರೂ ಕುಡಿಯದಂಥ ವೈನ್. ಆ ಸವಾರನ ಪ್ರತಿಮೆ ಯೋಹಾನಿಸ್‌ಬೆರ್ಗ್ ಅರಮನೆಯ ಅಂಗಳದಲ್ಲಿ ಇಂದಿಗೂ ಇದೆ. ಕೆಲಸಕ್ಕೆ ತಡವಾಗಿ ಬಂದು ಪ್ರತಿಮೆ ಮಾಡಿಸಿಕೊಂಡವರು ಅಪರೂಪ.

ಹುಳಿ, ಊಟ, ಸಸ್ಯಾಹಾರ

ಹುಳಿಯ ಏಣಿಯಲ್ಲಿ ರೀಸ್ಲಿಂಗ್ ಮೇಲಿನ ಮೆಟ್ಟಿಲು. ಸಿಲ್ವಾನರ್ ನಡುವೆ, ವೈಸ್‌ಬುರ್ಗುಂಡರ್ ಮತ್ತು ಗ್ರೌಬುರ್ಗುಂಡರ್ ಕೆಳಗೆ, ಗೆವ್ಯುರ್ಟ್ಸ್‌ಟ್ರಾಮಿನರ್ ಎಲ್ಲಕ್ಕಿಂತ ಕೆಳಗೆ. ಎದೆಯುರಿ, ಗ್ಯಾಸ್ಟ್ರಿಕ್ ಇರುವವರು ಮೇಲಿನ ಮೆಟ್ಟಿಲಿನಿಂದ ಶುರು ಮಾಡಬೇಡಿ. ವರ್ಷವೂ ಮುಖ್ಯ. 2018ರಂಥ ಬಿಸಿ ಬೇಸಿಗೆಯ ದ್ರಾಕ್ಷಿಯಲ್ಲಿ ಹುಳಿ ಇಳಿದಿರುತ್ತದೆ, ತಂಪಾಗಿದ್ದ 2021ರದ್ದು ಚುರುಕು ಹುಳಿಯದು. ಅದೇ ಕಾರಣಕ್ಕೆ 2021ರ ಸಿಹಿ ಕಬಿನೆಟ್‌ಗಳನ್ನು ಹುಡುಕಿ ಕೊಳ್ಳುವವರಿದ್ದಾರೆ, 2021ರ ಅಗ್ಗದ ಡ್ರೈ ರೀಸ್ಲಿಂಗ್ ಕಂಡರೆ ದೂರ ಸರಿಯುವವರೂ ಇದ್ದಾರೆ.

ಊಟದ ವಿಷಯದಲ್ಲಿ ಜರ್ಮನ್ ಪುಸ್ತಕಗಳು ನಮಗೆ ಅಷ್ಟು ಉಪಯೋಗಕ್ಕೆ ಬರುವುದಿಲ್ಲ, ಅವರ ಅಡುಗೆಯಲ್ಲಿ ಮೆಣಸಿನಕಾಯಿಯೇ ಇಲ್ಲವಲ್ಲ. ಖಾರದ ಜೊತೆ ಆಲ್ಕೋಹಾಲ್ ಸೇರಿದರೆ ಉರಿ ಹೆಚ್ಚುತ್ತದೆ, ಸಕ್ಕರೆ ಸೇರಿದರೆ ತಗ್ಗುತ್ತದೆ. ಆದ್ದರಿಂದ ಬ್ಯಾಡಗಿ ಹಾಕಿ ಅರೆದ ಮಸಾಲೆ, ಕೋಳಿ ಸುಕ್ಕ, ಗೋಬಿ ಮಂಚೂರಿ ಇಂಥವಕ್ಕೆ ಶೇ 8ರ ಸಿಹಿ ಕಬಿನೆಟ್ ಒಪ್ಪುತ್ತದೆ, ಶೇ 13ರ ಡ್ರೈ ವೈನ್ ಒಪ್ಪುವುದಿಲ್ಲ. ತೆಂಗಿನಕಾಯಿ ಮುಂದಾಗಿ ಖಾರ ಹಿಂದಾದ ಸಾಗು, ಅವಿಯಲ್, ಮೀನಿನ ಗಸಿಗೆ ಬುರ್ಗುಂಡರ್ ಜಾತಿಯವು ಚೆನ್ನ. ಹುಣಸೆಹಣ್ಣು ಬಿದ್ದ ಅಡುಗೆಗೆ ಹುಳಿ ಕಡಿಮೆಯ ವೈನ್ ಕೊಟ್ಟರೆ ವೈನ್ ಸಪ್ಪೆಯಾಗಿಬಿಡುತ್ತದೆ, ಅಲ್ಲಿ ರೀಸ್ಲಿಂಗೇ ನಿಲ್ಲಬೇಕು. ತಿಳಿಸಾರಿಗೆ ಮಾತ್ರ ಯಾವ ವೈನೂ ಬೇಡ. ಅದನ್ನು ಲೋಟಕ್ಕೆ ಹಾಕಿಕೊಂಡು ಕುಡಿಯಿರಿ.

ಸಸ್ಯಾಹಾರಿಗಳು ಒಂದು ವಿಷಯ ತಿಳಿದಿರಬೇಕು. ವೈನನ್ನು ತಿಳಿಗೊಳಿಸಲು ಜೆಲಟಿನ್, ಮೀನಿನ ಗಾಳಿಚೀಲದಿಂದ ತೆಗೆದ ಅಂಟು, ಮೊಟ್ಟೆಯ ಬಿಳಿ, ಹಾಲಿನ ಪ್ರೋಟೀನ್ ಬಳಸುವುದುಂಟು. ಮೊಟ್ಟೆ ಮತ್ತು ಹಾಲಿನ ಅಂಶ ಉಳಿದಿದ್ದರೆ ಲೇಬಲ್‌ನಲ್ಲಿ ಹೇಳಲೇಬೇಕು, ಜೆಲಟಿನ್ ಬಳಸಿದ್ದನ್ನು ಹೇಳಬೇಕಿಲ್ಲ. ಹಾಗಾಗಿ ಕ್ಯೂಆರ್ ಕೋಡ್ ಇಲ್ಲಿ ನೆರವಾಗದು, ಹಿಂಬದಿಯಲ್ಲಿ ‘ವೀಗನ್’ ಗುರುತು ಇದೆಯೇ ನೋಡಿ. ಬೆಂಟೊನೈಟ್ ಜೇಡಿಮಣ್ಣಿನಿಂದ ಸೋಸುವವರೂ ಬಹಳ ಮಂದಿ ಇದ್ದಾರೆ. ಬೆಳೆಗಾರರ ಹತ್ತಿರವೇ ಕೊಳ್ಳುವುದಾದರೆ ನೇರವಾಗಿ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ.

ಮೋಸೆಲ್‌ನ ಸಿಹಿ ರೀಸ್ಲಿಂಗ್

ಈಗ ಒಂದೊಂದನ್ನೇ ತೂಗೋಣ. ನನ್ನ ಪಕ್ಷಪಾತ ಮೊದಲೇ ಹೇಳಿಬಿಡುತ್ತೇನೆ: ಕನ್ನಡದ ಅಡುಗೆಮನೆಗೆ ಒಂದೇ ಬಾಟಲಿ ಅಂದರೆ ಮೋಸೆಲ್ ಕಬಿನೆಟ್.

ಮೋಸೆಲ್ ನದಿ ಟ್ರಿಯರ್‌ನಿಂದ ಕೋಬ್ಲೆಂಜ್‌ವರೆಗೆ ಸುತ್ತಿ ಬಳಸಿ ಹರಿಯುತ್ತದೆ. ಇಬ್ಬದಿಯ ಕಡಿದಾದ ಇಳಿಜಾರಿನಲ್ಲಿ ಸ್ಲೇಟುಕಲ್ಲಿನ ಚೂರುಗಳ ನಡುವೆ ಬಳ್ಳಿ. ಬ್ರೆಮ್ ಊರಿನ ಕಾಲ್ಮಾಂಟ್ ತೋಟದ ಇಳಿಜಾರು ಸುಮಾರು 65 ಡಿಗ್ರಿಯವರೆಗೆ ಹೋಗುತ್ತದೆ, ಯುರೋಪಿನ ಅತಿ ಕಡಿದಾದ ದ್ರಾಕ್ಷಿತೋಟಗಳಲ್ಲಿ ಅದೂ ಒಂದು. ಟ್ರ್ಯಾಕ್ಟರ್ ಹತ್ತದು, ಎಲ್ಲ ಕೈಗೆಲಸ. ಹಗಲಿನ ಬಿಸಿಲನ್ನು ಕಪ್ಪು ಸ್ಲೇಟು ಹೀರಿಕೊಂಡು ರಾತ್ರಿ ಬಿಟ್ಟುಕೊಡುವುದರಿಂದ ಇಷ್ಟು ಉತ್ತರದ ಚಳಿಯಲ್ಲೂ ರೀಸ್ಲಿಂಗ್ ನಿಧಾನವಾಗಿ ಮಾಗುತ್ತದೆ, ಹುಳಿ ಕಳೆದುಕೊಳ್ಳುವುದಿಲ್ಲ. ವೇಲೆನ್‌ನ ‘ಝೊನ್ನೆನ್‌ಊರ್’, ಊರ್ಟ್ಸಿಗ್‌ನ ‘ವ್ಯುರ್ಟ್ಸ್‌ಗಾರ್ಟೆನ್’, ಪೀಸ್‌ಪೋರ್ಟ್‌ನ ‘ಗೋಲ್ಡ್‌ಟ್ರೋಪ್‌ಶೆನ್’ ಇವೆಲ್ಲ ಇಲ್ಲಿನ ಹೆಸರಾಂತ ತೋಟಗಳು.

ಹಸಿರು ಸೇಬು, ಬಿಳಿ ಪೀಚ್, ನಿಂಬೆಸಿಪ್ಪೆ, ಮಳೆ ಬಿದ್ದ ಕಲ್ಲಿನಂಥ ಒಂದು ವಾಸನೆ. ಕುಡಿದ ಮೇಲೆ ತಲೆ ಭಾರವಾಗುವುದಿಲ್ಲ. ಸೆಲ್ಬಾಕ್-ಓಸ್ಟರ್, ಡಾ. ಲೋಸನ್, ಫ್ರಿಟ್ಸ್ ಹಾಗ್ ಇವರ ಕಬಿನೆಟ್‌ಗಳು ಸುಮಾರು 12ರಿಂದ 20 ಯೂರೋ ಒಳಗೆ ಸಿಗುತ್ತವೆ. ಯೋಹ್. ಯೋಸ್. ಪ್ರ್ಯೂಮ್ ಅದಕ್ಕೂ ಮೇಲೆ. ಇಷ್ಟು ದುಡಿತ, ಇಷ್ಟು ಹೆಸರು ಇರುವ ವೈನ್ ಈ ಬೆಲೆಗೆ ಫ್ರಾನ್ಸಿನಲ್ಲಿ ಸಿಗಲಾರದು. ಸಿಹಿ ವೈನ್ ಕೀಳು ಎಂಬ ಭಾವನೆ ಇಲ್ಲಿನ ಗ್ರಾಹಕರಲ್ಲಿ ಬೇರೂರಿರುವುದೇ ಬೆಲೆ ಏರದಿರಲು ಒಂದು ಕಾರಣ.

ಆ ಭಾವನೆ ಸುಮ್ಮನೆ ಹುಟ್ಟಿದ್ದಲ್ಲ. ವರ್ಮ್ಸ್ ನಗರದ ಲೀಬ್‌ಫ್ರೌಯೆನ್ ಚರ್ಚಿನ ಸುತ್ತಲಿನ ತೋಟದ ವೈನ್‌ಗೆ ಇದ್ದ ‘ಲೀಬ್‌ಫ್ರೌಮಿಲ್ಶ್’ ಎಂಬ ಒಳ್ಳೆಯ ಹೆಸರು ಕ್ರಮೇಣ ಎಲ್ಲೆಲ್ಲಿಂದಲೋ ತಂದು ಬೆರೆಸಿದ ಅಗ್ಗದ ಸಿಹಿ ವೈನ್‌ಗೆ ಅಂಟಿಕೊಂಡು ಬ್ರಿಟನ್, ಅಮೆರಿಕಕ್ಕೆ ಹಡಗುಗಟ್ಟಲೆ ಹೋಯಿತು. 1971ರ ವೈನ್ ಕಾನೂನು ಇನ್ನಷ್ಟು ಕೆಡಿಸಿತು. ‘ಪೀಸ್‌ಪೋರ್ಟರ್ ಗೋಲ್ಡ್‌ಟ್ರೋಪ್‌ಶೆನ್’ ಒಂದೇ ತೋಟದ ಹೆಸರು. ‘ಪೀಸ್‌ಪೋರ್ಟರ್ ಮಿಶೆಲ್ಸ್‌ಬೆರ್ಗ್’ ಹಲವು ಊರುಗಳ ತೋಟಗಳನ್ನು ಒಟ್ಟುಗೂಡಿಸಿದ ದೊಡ್ಡ ವಲಯದ ಹೆಸರು, ಅದರಲ್ಲಿ ಪೀಸ್‌ಪೋರ್ಟ್‌ನ ಹನಿಯೂ ಇಲ್ಲದಿರಬಹುದು. ಲೇಬಲ್‌ನಲ್ಲಿ ಎರಡಕ್ಕೂ ವ್ಯತ್ಯಾಸವೇ ಕಾಣದು. ತೋಟದ ಹೆಸರುಗಳನ್ನು ಬಾಯಿಪಾಠ ಮಾಡುವ ಬದಲು ‘ಗುಟ್ಸ್‌ಆಬ್‌ಫ್ಯುಲುಂಗ್’ ಎಂಬ ಪದ ಹುಡುಕಿ. ಬೆಳೆದವರೇ ಬಾಟಲಿಗೆ ತುಂಬಿದ್ದು ಎಂದರ್ಥ.

ಸಿಹಿ ನಿಮಗೆ ಸೇರುವುದೇ ಇಲ್ಲವಾದರೆ ಈ ಬಾಟಲಿ ಬೇಡ. ಜರ್ಮನ್ ಗೆಳೆಯರ ಮನೆಯ ಊಟಕ್ಕೂ ಒಯ್ಯುವ ಮುನ್ನ ಯೋಚಿಸಿ. ಇಲ್ಲಿನವರಲ್ಲಿ ಹೆಚ್ಚಿನವರು ಊಟಕ್ಕೆ ಟ್ರೋಕನ್ ಅಲ್ಲದ್ದನ್ನು ಇಡುವುದಿಲ್ಲ.

ಡ್ರೈ ರೀಸ್ಲಿಂಗ್: ನಾಲ್ಕು ಪ್ರದೇಶ, ನಾಲ್ಕು ಗುಣ

ಗೆಳೆಯರ ಮನೆಗೆ ಒಯ್ಯಲು ನಿಶ್ಚಿಂತೆಯ ಆಯ್ಕೆ ಇದು. ಫಾಲ್ಟ್ಸ್ ಬೆಚ್ಚಗಿನ ಪ್ರದೇಶ, ಅಲ್ಲಿನ ರೀಸ್ಲಿಂಗ್ ತುಂಬಿಕೊಂಡಂತೆ ಇರುತ್ತದೆ, ಹುಳಿ ಮೊನಚಲ್ಲ. ಮೊದಲ ಸಲ ಡ್ರೈ ರೀಸ್ಲಿಂಗ್ ಕುಡಿಯುವವರಿಗೆ ಇಲ್ಲಿಂದಲೇ ಶುರು ಮಾಡಿ ಅನ್ನುತ್ತೇನೆ. ಡೈಡೆಸ್‌ಹೈಮ್, ಫೋರ್ಸ್ಟ್ ಊರುಗಳ ಬಾಸರ್‌ಮಾನ್-ಯೋರ್ಡಾನ್, ಫೊನ್ ವಿನಿಂಗ್ ಎರಡೂ ಸುಲಭವಾಗಿ ಸಿಗುತ್ತವೆ. ರೈನ್‌ಗಾವ್‌ನದು ಬಿಗಿ, ನೆಟ್ಟನೆಯ ವೈನ್. ಇಲ್ಲಿ ಚರಿತ್ರೆಯೂ ಇದೆ: ಏಬರ್‌ಬಾಕ್ ಮಠವನ್ನು ಸಿಸ್ಟರ್ಸಿಯನ್ ಸಂನ್ಯಾಸಿಗಳು ಕಟ್ಟಿದ್ದು 1136ರಲ್ಲಿ. ರೀಸ್ಲಿಂಗ್‌ನ ಮೊದಲ ಲಿಖಿತ ಉಲ್ಲೇಖ ಸಿಕ್ಕಿರುವುದು ಅಲ್ಲಿಂದ ದೂರವಲ್ಲದ ರ್ಯುಸೆಲ್ಸ್‌ಹೈಮ್‌ನ 1435ರ ಲೆಕ್ಕಪತ್ರದಲ್ಲಿ. ಹಳೆಯ ಹೆಸರಿಗೆ ಸ್ವಲ್ಪ ಹೆಚ್ಚು ದುಡ್ಡು ಕೊಡುತ್ತೀರಿ ಅಷ್ಟೆ.

ದುಡ್ಡಿಗೆ ತಕ್ಕ ವೈನ್ ಬೇಕೆಂದರೆ ರೈನ್‌ಹೆಸ್ಸೆನ್ ಮತ್ತು ನಾಹೆ. ರೈನ್‌ಹೆಸ್ಸೆನ್ ದೇಶದ ಅತಿ ದೊಡ್ಡ ವೈನ್ ಪ್ರದೇಶ. ಒಂದು ಕಾಲಕ್ಕೆ ಅಗ್ಗದ ಸಿಹಿ ವೈನ್‌ನ ತವರಾಗಿದ್ದ ಇಲ್ಲಿ ಹೊಸ ತಲೆಮಾರಿನವರು ಅಪ್ಪಂದಿರ ಪದ್ಧತಿ ಬದಲಿಸಿದರು. ಈಗ ವಿಟ್‌ಮಾನ್, ಕೆಲ್ಲರ್ ಹೆಸರು ಜಗತ್ತಿಗೇ ಗೊತ್ತು. ನೀರ್‌ಸ್ಟೈನ್‌ನ ಕೆಂಪು ಮಣ್ಣಿನ ದಿಬ್ಬದ ರೀಸ್ಲಿಂಗ್ ಒಮ್ಮೆ ಕುಡಿದು ನೋಡಬೇಕು. ನಾಹೆಯಲ್ಲಿ ಡೋನ್‌ಹೋಫ್. ಮೋಸೆಲ್‌ನ ನಯ, ರೈನ್‌ಗಾವ್‌ನ ಬಿಗಿ ಎರಡೂ ಬೇಕೆನ್ನುವವರಿಗೆ ನಾಹೆಯೇ ಸರಿ.

ಇನ್ನು ಬೆಲೆಯ ಮೆಟ್ಟಿಲು. ವಿ.ಡಿ.ಪಿ. ಎಂಬುದು 1910ರಲ್ಲಿ ಹುಟ್ಟಿದ ಬೆಳೆಗಾರರ ಸಂಘ, ಸದಸ್ಯರು ಸುಮಾರು 200. ಬಾಟಲಿಯ ಕುತ್ತಿಗೆಯ ಮೇಲೆ ದ್ರಾಕ್ಷಿಗೊಂಚಲು ಹೊತ್ತ ಹದ್ದು ಇದ್ದರೆ ಅವರದು. ‘ಗುಟ್ಸ್‌ವೈನ್’ ತಳದ್ದು, 9ರಿಂದ 14 ಯೂರೋ. ‘ಓರ್ಟ್ಸ್‌ವೈನ್’ ಒಂದು ಊರಿನದು, 15ರಿಂದ 25. ಮೇಲ್ತುದಿಯಲ್ಲಿ ಉತ್ತಮ ತೋಟದ ಡ್ರೈ ವೈನ್ ‘ಗ್ರೋಸೆಸ್ ಗೆವೆಕ್ಸ್’, ಎಲ್ಲರೂ ಜಿ.ಜಿ. ಅನ್ನುವುದು ಇದನ್ನೇ. ಶುರುವಾಗುವುದೇ 30ರ ಆಸುಪಾಸಿನಿಂದ, ಹೆಸರಿದ್ದರೆ ನೂರರ ಮೇಲೂ ಹೋಗುತ್ತದೆ. ನನ್ನ ಪ್ರಕಾರ ಹಣ ಸಾರ್ಥಕವಾಗುವುದು ನಡುವಿನ ಓರ್ಟ್ಸ್‌ವೈನ್‌ನಲ್ಲಿ. ಒಳ್ಳೆಯ ತೋಟದ ಎಳೆ ಬಳ್ಳಿಗಳ ದ್ರಾಕ್ಷಿ ಬಹಳ ಸಲ ಇದಕ್ಕೇ ಬಂದಿರುತ್ತದೆ. ಜಿ.ಜಿ. ಕೊಂಡು ಅದೇ ವಾರ ತೆರೆದರೆ ಬಿಗಿಯಾಗಿ, ಮೂಗುಮುಚ್ಚಿಕೊಂಡಂತೆ ಇರುತ್ತದೆ, ಐದಾರು ವರ್ಷ ಇಡಬೇಕು. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೋಗುವವರು ಅಷ್ಟು ವರ್ಷ ತಂಪಾಗಿ ಎಲ್ಲಿ ಇಟ್ಟಾರು? ವಯಸ್ಸಾದ ರೀಸ್ಲಿಂಗ್‌ನಲ್ಲಿ ಸೀಮೆಎಣ್ಣೆ ವಾಸನೆ ಬರುವುದೂ ಉಂಟು, ಅದು ಕೆಟ್ಟಿರುವುದರ ಗುರುತಲ್ಲ. ಟಿ.ಡಿ.ಎನ್. ಎಂಬ ರಾಸಾಯನಿಕ ಕಾಲಕ್ರಮೇಣ ಹುಟ್ಟಿಕೊಂಡಿರುತ್ತದೆ. ಕೆಲವರು ಅದಕ್ಕಾಗಿಯೇ ಕಾಯುತ್ತಾರೆ, ಕೆಲವರಿಗೆ ಸ್ಟವ್ ನೆನಪಾಗುತ್ತದೆ. ಕಾರ್ಕಿಗೆ ಸಕ್ಕರೆಯಂತೆ ಅಂಟಿದ ಹರಳು ಕಂಡರೂ ಹೆದರಬೇಡಿ, ಅದು ದ್ರಾಕ್ಷಿಯದೇ ಹುಳಿಯ ಲವಣ.

ಸಿಲ್ವಾನರ್

ಫ್ರಾಂಕೆನ್ ಪ್ರದೇಶದ ಕಾಸ್ಟೆಲ್ ಊರಿನಲ್ಲಿ 1659ರಲ್ಲಿ ನೆಟ್ಟ ದಾಖಲೆಯಿರುವ ದ್ರಾಕ್ಷಿ. ಜೋರು ಪರಿಮಳವಿಲ್ಲ. ಪೇರಳೆ, ಹುಲ್ಲು, ಸುಣ್ಣಕಲ್ಲಿನ ಒಂದು ಮಣ್ಣುಗುಣ. ಊಟದ ಮೇಲೆ ಸವಾರಿ ಮಾಡದ ವೈನ್. ವಸಂತದಲ್ಲಿ ಬಿಳಿ ಶತಾವರಿಯ ಕಾಲ ಬಂದರೆ, ಅಂದರೆ ಜೂನ್ 24ರವರೆಗೆ, ಜರ್ಮನರ ಮೇಜಿನ ಮೇಲೆ ಇದು ಇದ್ದೇ ಇರುತ್ತದೆ. ಬೇಳೆ ಒಬ್ಬಟ್ಟಿಗೂ ಹೊಂದುವುದಿಲ್ಲ, ಮಟನ್ ಸಾರಿಗೂ ಹೊಂದುವುದಿಲ್ಲ. ಪಲ್ಯ, ಕೋಸಂಬರಿ, ಅಕ್ಕಿರೊಟ್ಟಿ, ಪನೀರ್ ಇಂಥ ಸೌಮ್ಯ ಊಟಕ್ಕೆ ಮಾತ್ರ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ವ್ಯುರ್ಟ್ಸ್‌ಬುರ್ಗ್‌ನ ಯೂಲಿಯುಸ್‌ಶ್ಪಿಟಾಲ್ ದೊಡ್ಡ ಹೆಸರು. 1576ರಲ್ಲಿ ಬಡವರಿಗಾಗಿ, ರೋಗಿಗಳಿಗಾಗಿ ಬಿಷಪ್ ಯೂಲಿಯುಸ್ ಎಖ್ಟರ್ ಸ್ಥಾಪಿಸಿದ ದತ್ತಿ ಇದು. ಇಂದಿಗೂ ಆಸ್ಪತ್ರೆಯೂ ಅದರದೇ, ದ್ರಾಕ್ಷಿತೋಟವೂ ಅದರದೇ. 10-12 ಯೂರೋಗೆ ಸಿಗುವ ಅವರ ಸಿಲ್ವಾನರ್ ಟ್ರೋಕನ್‌ನಿಂದ ಶುರು ಮಾಡಬಹುದು. ರೈನ್‌ಹೆಸ್ಸೆನ್‌ನ ಸಿಲ್ವಾನರ್ ಒಂದೆರಡು ಯೂರೋ ಅಗ್ಗ, ಸ್ವಲ್ಪ ಹಗುರ.

ಬುರ್ಗುಂಡರ್ ಜೋಡಿ ಮತ್ತು ಉಳಿದವು

‘ಬಿಳಿ ವೈನ್ ಹುಳಿ’ ಎಂದು ದೂರವಿಟ್ಟವರಿಗೆ ನಾನು ಮೊದಲು ಕೊಡುವುದು ವೈಸ್‌ಬುರ್ಗುಂಡರ್. ಬಾಡೆನ್ ಪ್ರದೇಶದ ಕೈಸರ್‌ಸ್ಟೂಲ್ ಹಳೆಯ ಜ್ವಾಲಾಮುಖಿಯ ಬೆಟ್ಟಸಾಲು, ದೇಶದಲ್ಲೇ ಬೆಚ್ಚಗಿನ ಜಾಗಗಳಲ್ಲೊಂದು. ಅಲ್ಲಿನ ಡಾ. ಹೇಗರ್, ಸಾಲ್ವೈ ಇವರ ವೈನ್‌ಗಳಲ್ಲಿ ಬಾದಾಮಿ, ಪೇರಳೆಯ ಮೃದುತನ. ಗ್ರೌಬುರ್ಗುಂಡರ್ ಅದಕ್ಕಿಂತ ದಪ್ಪ, ಆಲ್ಕೋಹಾಲೂ ಹೆಚ್ಚು, 13ರ ಆಚೀಚೆ. ಈಗ ಜರ್ಮನಿಯಲ್ಲಿ ಇದರದೇ ಫ್ಯಾಷನ್. ಅದಕ್ಕೇ ಅಗ್ಗದ, ಏನೂ ರುಚಿಯಿಲ್ಲದ ಗ್ರೌಬುರ್ಗುಂಡರ್ ಮಾರುಕಟ್ಟೆಯಲ್ಲಿ ತುಂಬಿಹೋಗಿದೆ. 8 ಯೂರೋಗಿಂತ ಕೆಳಗಾದರೆ ಇದನ್ನು ಬಿಟ್ಟು ವೈಸ್‌ಬುರ್ಗುಂಡರ್ ತಗೊಳ್ಳಿ.

ಪರಿಮಳ ಇಷ್ಟಪಡುವವರಿಗೆ ಶೋಯ್‌ರೇಬೆ. 1916ರಲ್ಲಿ ಆಲ್ಟ್ಸೈ ಊರಿನಲ್ಲಿ ಗೇಯೋರ್ಗ್ ಶೋಯ್ ಸಂಕರ ಮಾಡಿ ಪಡೆದ ತಳಿ. ಚಕ್ಕೋತ, ಪ್ಯಾಶನ್ ಫ್ರೂಟ್ ವಾಸನೆ ಮೂಗಿಗೆ ಹೊಡೆಯುತ್ತದೆ. ಫೈನ್‌ಹೆರ್ಬ್ ಆಗಿದ್ದರೆ ಚಾಟ್, ಮಾವಿನಕಾಯಿ ಚಿತ್ರಾನ್ನದಂಥವಕ್ಕೆ ಬಲು ಸೊಗಸು, ಬೆಲೆಯೂ ಕಡಿಮೆ. ಗೆವ್ಯುರ್ಟ್ಸ್‌ಟ್ರಾಮಿನರ್‌ನಲ್ಲಿ ಗುಲಾಬಿ, ಲಿಚಿ. ‘ಭಾರತೀಯ ಊಟಕ್ಕೆ ಇದೇ’ ಎಂದು ಎಲ್ಲ ಕಡೆ ಬರೆಯುತ್ತಾರೆ. ನನಗೆ ಒಪ್ಪಿಗೆಯಿಲ್ಲ: ಹುಳಿ ಕಡಿಮೆ, ಆಲ್ಕೋಹಾಲ್ ಜಾಸ್ತಿ, ಖಾರದ ಜೊತೆ ಎರಡೂ ತೊಂದರೆಯವು. ಬರಿದೇ ಗೋಡಂಬಿ ಜೊತೆ ಅರ್ಧ ಗ್ಲಾಸು ಚೆನ್ನಾಗಿರುತ್ತದೆ. ಮ್ಯುಲರ್-ಥುರ್ಗೌ 1882ರ ತಳಿ, ರಿವಾನರ್ ಎಂಬ ಹೆಸರಿನಲ್ಲೂ ಮಾರುತ್ತಾರೆ. ಹಗುರ, ಅಗ್ಗ, ಕೊಂಡ ವರ್ಷವೇ ಕುಡಿದು ಮುಗಿಸುವುದು. ಐಸ್‌ವೈನ್ ಮಾಡಲು ಬಳ್ಳಿಯಲ್ಲೇ ದ್ರಾಕ್ಷಿ ಮೈನಸ್ 7 ಡಿಗ್ರಿ ಅಥವಾ ಅದಕ್ಕೂ ಕೆಳಗೆ ಹೆಪ್ಪುಗಟ್ಟಬೇಕು. ಚಳಿಗಾಲ ಬೆಚ್ಚಗಾಗುತ್ತಿರುವುದರಿಂದ ಅದು ಅಪರೂಪವಾಗುತ್ತಿದೆ, ಅರ್ಧ ಬಾಟಲಿಗೇ ಕೈಬಿಸಿ. ಉಡುಗೊರೆಗೆ ಮಾತ್ರ ಅನ್ನಿ. ಔಸ್‌ಲೇಸೆಯ ಅರ್ಧ ಬಾಟಲಿ ಅದರ ಕಾಲು ಭಾಗದ ಬೆಲೆಗೆ ಸಿಗುತ್ತದೆ, ನನ್ನನ್ನು ಕೇಳಿದರೆ ಅದೇ ಸಾಕು.

ಬಜೆಟ್ಟಿಗೆ ತಕ್ಕಂತೆ

ಇಲ್ಲಿ ಮಾಮೂಲು ವೈನ್‌ಗೆ ಮದ್ಯದ ತೆರಿಗೆಯಿಲ್ಲ, ಮೌಲ್ಯವರ್ಧಿತ ತೆರಿಗೆ ಮಾತ್ರ. ನೊರೆಯುಕ್ಕುವ ಝೆಕ್ಟ್‌ಗೆ ಇದೆ: ಕೈಸರನ ನೌಕಾಪಡೆಗೆ ಹಣ ಬೇಕೆಂದು 1902ರಲ್ಲಿ ಹಾಕಿದ್ದು, ಈಗಲೂ ಬಾಟಲಿಗೆ 1.02 ಯೂರೋ ವಸೂಲಾಗುತ್ತದೆ. ಮಾಮೂಲು ವೈನ್‌ಗೆ ಅಂಥ ತೆರಿಗೆ ಇಲ್ಲದ್ದರಿಂದ ಅದನ್ನು 3 ಯೂರೋಗೂ ಮಾರಲು ಸಾಧ್ಯ. ಬಾಟಲಿ, ಮುಚ್ಚಳ, ಸಾಗಣೆ, ಅಂಗಡಿಯ ಲಾಭ ಕಳೆದರೆ ಒಳಗಿನ ದ್ರಾಕ್ಷಿಗೆ ಎಷ್ಟು ಉಳಿದೀತು, ನೀವೇ ಲೆಕ್ಕ ಹಾಕಿ.

6 ಯೂರೋ ಒಳಗೆ ಕೊಳ್ಳಲೇಬೇಕಾದರೆ ರೀಸ್ಲಿಂಗ್ ಬಿಟ್ಟು ಮ್ಯುಲರ್-ಥುರ್ಗೌ ಅಥವಾ ರೈನ್‌ಹೆಸ್ಸೆನ್ ಸಿಲ್ವಾನರ್, ಸಹಕಾರ ಸಂಘದ್ದಾದರೆ ಒಳ್ಳೆಯದು. 8ರಿಂದ 14ರೊಳಗೆ ಆಯ್ಕೆ ಅತಿ ಹೆಚ್ಚು, ಇಲ್ಲಿ ಬೆಳೆಗಾರರ ಹೆಸರನ್ನೇ ನೋಡಿ ಕೊಳ್ಳಿ. ಹಬ್ಬಕ್ಕೋ ಉಡುಗೊರೆಗೋ 20 ಯೂರೋ ಇದ್ದರೆ ಡ್ರೈ ಬೇಕಾದವರು ಓರ್ಟ್ಸ್‌ವೈನ್, ಸಿಹಿ ಬೇಕಾದವರು ಮೋಸೆಲ್ ಶ್ಪೇಟ್‌ಲೇಸೆ. 50 ಯೂರೋ ಖರ್ಚು ಮಾಡುವ ಮನಸ್ಸಿದ್ದರೆ ಒಂದು ಜಿ.ಜಿ. ಬದಲು ನಾಲ್ಕು ಬೇರೆ ಬೇರೆ ಗುಟ್ಸ್‌ವೈನ್ ತಂದು ಪಕ್ಕಪಕ್ಕ ಇಟ್ಟು ಕುಡಿದು ನೋಡಿ. ಡ್ರೈಯಿಂದ ಸಿಹಿಗೆ ಹೋಗಬೇಕು, ಉಲ್ಟಾ ಹೋದರೆ ಡ್ರೈ ವೈನ್ ಕಹಿಯಾಗುತ್ತದೆ. 8-10 ಡಿಗ್ರಿ ತಂಪು ಸಾಕು, ಫ್ರಿಜ್‌ನಿಂದ ತೆಗೆದು ಕಾಲು ಗಂಟೆ ಹೊರಗಿಡಿ. ತೀರಾ ತಣ್ಣಗಿದ್ದರೆ ಎಲ್ಲ ವೈನೂ ಒಂದೇ ಥರ ಅನ್ನಿಸುತ್ತದೆ.

ಕುಡಿದು ನೋಡಿ ಕೊಳ್ಳಲು

ಅಂಗಡಿಗಿಂತ ತೋಟಕ್ಕೆ ಹೋಗುವುದು ಮೇಲು. ಫೋನ್ ಮಾಡಿ ಹೇಳಿಹೋದರೆ ಹೆಚ್ಚಿನ ಬೆಳೆಗಾರರು ನಾಲ್ಕಾರು ಬಗೆ ಸುರಿದು ಕೊಡುತ್ತಾರೆ. ಕೆಲವರು ಅದಕ್ಕೆ ಸಣ್ಣ ಮೊತ್ತ ಕೇಳುತ್ತಾರೆ, ಕೊಂಡರೆ ಅದನ್ನು ಬಿಡುವುದೂ ಉಂಟು. ಮೂರು ಬಾಟಲಿಯಾದರೂ ಕೊಂಡು ಬರುವುದು ಮರ್ಯಾದೆ. ಉಗುಳಲು ಪಾತ್ರೆ ಇಟ್ಟಿರುತ್ತಾರೆ, ಸಂಕೋಚ ಬೇಡ. ಕಾರು ಓಡಿಸುವವರಿಗೆ ರಕ್ತದಲ್ಲಿ 0.5 ಪ್ರೊಮಿಲ್, ಅಂದರೆ ಸಾವಿರಕ್ಕೆ ಅರ್ಧ ಪಾಲು ಆಲ್ಕೋಹಾಲ್ ಮಿತಿ, ಹೊಸದಾಗಿ ಲೈಸೆನ್ಸ್ ಪಡೆದವರಿಗೆ ಸೊನ್ನೆ.

ಅದಕ್ಕಿಂತಲೂ ಚೆಂದ ‘ಶ್ಟ್ರೌಸ್‌ವಿರ್ಟ್‌ಶಾಫ್ಟ್’. ಬೆಳೆಗಾರರು ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ತಿಂಗಳು ತಮ್ಮ ಅಂಗಳದಲ್ಲೇ, 40 ಆಸನದೊಳಗೆ, ತಮ್ಮದೇ ವೈನನ್ನು ಸರಳ ಊಟದ ಜೊತೆ ಕೊಡುವ ಜಾಗ. ಬಾಗಿಲಲ್ಲಿ ಸೊಪ್ಪಿನ ಗೊಂಚಲು ಕಟ್ಟಿದ್ದರೆ ತೆರೆದಿದೆ ಎಂದು. ಸಸ್ಯಾಹಾರಿಗಳು ಶ್ಪುಂಡೆಕೇಸ್ ಎಂಬ ಮೆತ್ತನೆಯ ಚೀಸ್ ಬ್ರೆಡ್ ಜೊತೆ ಕೇಳಿ. ಮೈಂಜ್‌ನಲ್ಲಿ ಮಾರ್ಚ್‌ನಿಂದ ನವೆಂಬರ್‌ವರೆಗೆ ಶನಿವಾರ ಬೆಳಿಗ್ಗೆ ಕೆಥೆಡ್ರಲ್ ಬಳಿಯ ಸಂತೆಯಲ್ಲಿ ಬೆಳೆಗಾರರೇ ಗ್ಲಾಸ್ ಲೆಕ್ಕದಲ್ಲಿ ವೈನ್ ಕೊಡುತ್ತಾರೆ, ಕಡಿಮೆ ಖರ್ಚಿನಲ್ಲಿ ಹಲವು ಬಗೆ ಕುಡಿದು ನೋಡಲು ಅದು ಅನುಕೂಲ. ರೈನ್‌ಗಾವ್‌ನ ಎಲ್ಟ್‌ವಿಲ್ಲೆಗೆ ಫ್ರಾಂಕ್‌ಫರ್ಟ್‌ನಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ. ಮೋಸೆಲ್‌ಗೆ ಹೋಗುವವರು ಗಮನಿಸಿ: ಎಲ್ಲರೂ ಹೇಳುವ ಬೆರ್ನ್‌ಕಾಸ್ಟೆಲ್‌ಗೆ ರೈಲಿಲ್ಲ, ವಿಟ್‌ಲಿಶ್‌ನಿಂದ ಬಸ್ಸು. ಬುಲ್ಲೈಯಲ್ಲಿ ಗಾಡಿ ಬದಲಿಸಿದರೆ ಟ್ರಾಬೆನ್-ಟ್ರಾರ್ಬಾಕ್‌ವರೆಗೆ ರೈಲಿನಲ್ಲೇ ಹೋಗಬಹುದು.

ಊರಿಗೆ ಒಯ್ಯುವವರಿಗೆ ಕಸ್ಟಮ್ಸ್ ಮಿತಿ ಒಬ್ಬರಿಗೆ 2 ಲೀಟರ್. ಅಂದರೆ 0.75ರ ಎರಡು ಬಾಟಲಿ, ಮೂರನೆಯದು ಮಿತಿ ದಾಟುತ್ತದೆ. ನಾನಾಗಿದ್ದರೆ ಒಂದು ಮೋಸೆಲ್ ಕಬಿನೆಟ್, ಒಂದು ಫ್ರಾಂಕೆನ್ ಸಿಲ್ವಾನರ್. ಸಿಲ್ವಾನರ್‌ನ ಚಪ್ಪಟೆ ಬಾಟಲಿ ಬಟ್ಟೆಗಳ ನಡುವೆ ಉರುಳದೆ ಕೂರುತ್ತದೆ. ಸ್ಕ್ರೂ ಮುಚ್ಚಳದ್ದನ್ನೇ ಆರಿಸಿ, ಊರಿನ ಮನೆಯಲ್ಲಿ ಕಾರ್ಕ್ ತೆಗೆಯುವ ಸಾಧನ ಹುಡುಕುವ ಪಾಡು ತಪ್ಪುತ್ತದೆ. ತಲುಪಿದ ಕೂಡಲೇ ಫ್ರಿಜ್‌ನ ಕೆಳತಟ್ಟಿಗೆ ಸೇರಿಸಿ, ಬೆಂಗಳೂರಿನ ಮಾರ್ಚ್-ಏಪ್ರಿಲ್ ಸೆಕೆಯಲ್ಲಿ ಅಟ್ಟದ ಮೇಲೆ ಇಡಬೇಡಿ.